ಜಾರುವ ಸರಳು, ಬಿಗಿಯುವ ತಂತಿ: ಪೆಡಲ್ ಸ್ಟೀಲ್ ಗಿಟಾರ್ ಮತ್ತು ನಮ್ಮ ವೀಣೆಗಳು

ಉತ್ತರಾಂಧ್ರದ ಕರಾವಳಿಗೂ ತಂತಿವಾದ್ಯಗಳಿಗೂ ಹಳೆಯ ನಂಟು. ಭೀಮುನಿಪಟ್ಟಣದಲ್ಲಿ ಗೋಸ್ತನಿ ನದಿ ಕಡಲು ಸೇರುತ್ತದೆ. ಅಲ್ಲಿಂದ ಒಳನಾಡಿನತ್ತ ಹೊರಟರೆ ಮೊದಲು ವಿಜಯನಗರಂ, ಅದರಾಚೆ ಬೊಬ್ಬಿಲಿ. ಬೊಬ್ಬಿಲಿ ಬಳಿಯ ಗೊಲ್ಲಪಲ್ಲಿಯಲ್ಲಿ ಹಲಸಿನ ಮರದ ಒಂದೇ ತುಂಡಿನಿಂದ ಕೊಡವನ್ನೂ ದಂಡಿಯನ್ನೂ ಕಡೆದು ವೀಣೆ ಮಾಡುತ್ತಾರೆ. ದಕ್ಷಿಣಕ್ಕೆ, ವಿಜಯವಾಡದ ಸೀಮೆಯಲ್ಲಿ, ನೂಜಿವೀಡು ಇನ್ನೊಂದು ವೀಣೆಯೂರು. 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದ್ವಾರಂ ವೆಂಕಟಸ್ವಾಮಿ ನಾಯ್ಡು ವಿಶಾಖಪಟ್ಟಣದಲ್ಲಿ ಬೆಳೆದರು. 1919ರಲ್ಲಿ ಆರಂಭವಾದ ವಿಜಯನಗರಂ ಮಹಾರಾಜರ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದರು. ಪಕ್ಕವಾದ್ಯವಾಗಿದ್ದ ಪಿಟೀಲನ್ನು ಕಛೇರಿಯ ನಡುವೆ ತಂದು ಕೂರಿಸಿದರು. 1969ರಲ್ಲಿ ಗೋದಾವರಿ ಸೀಮೆಯ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಮ್ಯಾಂಡೊಲಿನ್‌ನಲ್ಲಿ ಗಮಕ ನುಡಿಸಿ ತೋರಿಸಿದರು.

ಇವರೆಲ್ಲರ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಬಿರುಕಿಲ್ಲದೆ ಹೋಗುತ್ತದೆ. ತಂತಿ ಹಾಗೆ ಹೋಗುವಂತೆ ಮಾಡುವುದು ಹೇಗೆ? ಇದೇ ಪ್ರಶ್ನೆಗೆ ಹವಾಯಿ ದ್ವೀಪಗಳಲ್ಲಿ ಒಂದು ಉತ್ತರ ಹುಟ್ಟಿತು, ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಅದು ಇನ್ನೊಂದು ರೂಪ ತಳೆಯಿತು. ಆ ರೂಪವೇ ಪೆಡಲ್ ಸ್ಟೀಲ್ ಗಿಟಾರ್. ಕಾಲಿನ ಮೇಲೆ ನಿಂತ ಮೇಜಿನಂಥ ವಾದ್ಯ, ಮೇಲೆ ಹತ್ತು ತಂತಿ, ಕೆಳಗೆ ಪೆಡಲ್‌ಗಳು, ಮಂಡಿಗೆ ತಾಗುವ ಲಿವರ್‌ಗಳು. ನಮ್ಮಲ್ಲಿ ಹೆಚ್ಚಿನವರು ಇದನ್ನು ಅಮೆರಿಕದ ಹಳ್ಳಿಹಾಡಿನ ಹಿನ್ನೆಲೆಯಲ್ಲಿ ನರಳುವ ದನಿಯಾಗಿ ಕೇಳಿ ಮರೆತಿರುತ್ತಾರೆ. ವೀಣೆ, ಗೋಟುವಾದ್ಯ ಕೇಳಿ ಬೆಳೆದ ಕಿವಿಗೆ ಈ ವಾದ್ಯದಲ್ಲಿ ಅದಕ್ಕಿಂತ ಹೆಚ್ಚಿನದು ಸಿಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ನಮ್ಮ ಎರಡು ವಾದ್ಯಗಳು ಬೇರೆಬೇರೆಯಾಗಿ ಹಿಡಿದ ದಾರಿಗಳನ್ನು ಇದು ಒಂದೇ ಚೌಕಟ್ಟಿನಲ್ಲಿ ಕೂಡಿಸಿದೆ.

ಸ್ವರ ಬದಲಿಸಲು ಎರಡು ದಾರಿ

ಮೀಟಿದ ತಂತಿಯ ಸ್ವರ ಮೂರು ಸಂಗತಿಗಳನ್ನು ಅವಲಂಬಿಸಿದೆ: ಉದ್ದ, ಎಳೆತ, ದಪ್ಪ. ನುಡಿಸುವಾಗ ದಪ್ಪ ಬದಲಿಸಲಾಗದು. ಹಾಗಾಗಿ ವಾದಕನ ಕೈಯಲ್ಲಿ ಉಳಿಯುವುದು ಎರಡೇ. ಉದ್ದ ಅರ್ಧವಾದರೆ ಮೇಲಿನ ಷಡ್ಜ ಸಿಗುತ್ತದೆ. ಎಳೆತ ಹೆಚ್ಚಾದರೆ ಸ್ವರ ಏರುತ್ತದೆ, ಆದರೆ ನಿಧಾನವಾಗಿ: ಕಂಪನದ ವೇಗ ಎಳೆತದ ವರ್ಗಮೂಲಕ್ಕೆ ತಕ್ಕಂತೆ ನಡೆಯುತ್ತದೆ. ಅರ್ಧ ಸ್ವರ ಏರಲು ಎಳೆತ ಶೇ. 12ರಷ್ಟು ಹೆಚ್ಚಬೇಕು, ಇಡೀ ಸ್ವರ ಏರಲು ಶೇ. 26ರಷ್ಟು.

ಸರಸ್ವತಿ ವೀಣೆಯಲ್ಲಿ ಎರಡು ದಾರಿಗಳೂ ಇವೆ, ಆದರೆ ಅದರ ಜೀವ ಇರುವುದು ಎರಡನೆಯದರಲ್ಲಿ. ಮೇಣದ ಮೇಲೆ ಕೂತ 24 ಮೆಟ್ಟಿಲುಗಳು ಉದ್ದವನ್ನು ಕಟ್ಟಿಹಾಕುತ್ತವೆ. ಎಡಗೈ ಬೆರಳು ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದಾಗ ಎಳೆತ ಹೆಚ್ಚಿ, ಮೆಟ್ಟಿಲುಗಳ ನಡುವೆ ಅಡಗಿದ್ದ ಸ್ವರಗಳೆಲ್ಲ ಒಂದೊಂದಾಗಿ ಹೊರಬರುತ್ತವೆ. ಮೈಸೂರಿನ ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗಿನ ಪರಂಪರೆಯಾಗಲಿ, ಆಂಧ್ರದ ಈಮನಿ ಶಂಕರಶಾಸ್ತ್ರಿ, ಚಿಟ್ಟಿಬಾಬು ಅವರ ನುಡಿಸಾಣಿಕೆಯಾಗಲಿ, ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲೇ ಬಾನಿ ಬೇರೆಯಾಗುತ್ತದೆ.

ಮೆಟ್ಟಿಲು ಎಲ್ಲಿ ಕೂರಬೇಕು ಎಂಬ ಚರ್ಚೆಯೂ ನಮ್ಮ ನೆಲದ್ದೇ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳ ಕಲಾನಿಧಿ’ ವೀಣೆಯ ಮೆಟ್ಟಿಲುಗಳನ್ನು ಯಾವ ಸ್ವರಕ್ಕೆ ಹೇಗೆ ಕೂರಿಸಬೇಕೆಂದು ಬಿಡಿಸಿ ಹೇಳುತ್ತದೆ.

ಮೆಟ್ಟಿಲಿಲ್ಲದ ದಾರಿ

ಮೊದಲನೆಯ ದಾರಿ ಇನ್ನೂ ಹಳೆಯದು. ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೆಯ ಶತಮಾನದಲ್ಲಿ ಬರೆದ ‘ಸಂಗೀತ ರತ್ನಾಕರ’ದಲ್ಲಿ ಏಕತಂತ್ರಿ ವೀಣೆಯ ವಿವರವಿದೆ. ಅದಕ್ಕೆ ಮೆಟ್ಟಿಲಿಲ್ಲ. ಎಡಗೈಯಲ್ಲಿ ‘ಕಮ್ರಿಕಾ’ ಎಂಬ ಬಿದಿರಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದರು. ಆ ಗ್ರಂಥಕ್ಕೆ 15ನೆಯ ಶತಮಾನದಲ್ಲಿ ಪ್ರಸಿದ್ಧ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದ ವಿದ್ವಾಂಸ.

ಆ ತತ್ವದ ದಕ್ಷಿಣದ ವಾರಸುದಾರ ಗೋಟುವಾದ್ಯ, ಅಂದರೆ ಈಗಿನ ಚಿತ್ರವೀಣೆ. ನೋಡಲು ವೀಣೆಯಂತಿದ್ದರೂ ಮೆಟ್ಟಿಲುಗಳಿಲ್ಲ. ಎಡಗೈಯಲ್ಲಿ ಕರಿಮರದ ದುಂಡನೆಯ ಉರುಳೆ. ತಿರುವಿಡೈಮರುದೂರಿನ ಸಖಾರಾಮ ರಾಯರು ಇದನ್ನು ಕಛೇರಿಯ ಮಟ್ಟಕ್ಕೆ ತಂದರು. ಗಾಯಕ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಎಳೆಯ ಪ್ರಾಯದಲ್ಲಿ ಅವರ ಬಳಿ ಕಲಿತವರು. ಹಾಡುಗಾರ ಜಾರುವಾದ್ಯದ ವಿದ್ವಾಂಸನಲ್ಲಿ ಪಾಠ ಹೇಳಿಸಿಕೊಂಡದ್ದು ಆ ವಾದ್ಯ ಗಂಟಲಿಗೆ ಎಷ್ಟು ಹತ್ತಿರವೆಂಬುದಕ್ಕೆ ಸಾಕ್ಷಿ. 1967ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎನ್. ರವಿಕಿರಣ್, ಗೋಟುವಾದ್ಯ ವಿದ್ವಾಂಸ ನಾರಾಯಣ ಅಯ್ಯಂಗಾರರ ಮೊಮ್ಮಗ. ಉರುಳೆಗೆ ಟೆಫ್ಲಾನ್ ಬಳಸಿ ವೇಗದ ಸಂಗತಿಗಳಿಗೂ ದಾರಿ ಮಾಡಿಕೊಂಡರು.

ಚಿತ್ರವೀಣೆಗೆ ಬೇಲಿ ಇಲ್ಲ. ಯಾವ ಶ್ರುತಿ ಬೇಕೋ ಅಲ್ಲಿ ಉರುಳೆ ನಿಲ್ಲುತ್ತದೆ. ಆ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ: ಬೆರಳಿಗೆ ಆಧಾರವಿಲ್ಲ, ಕಿವಿಯೊಂದೇ ದಾರಿದೀಪ.

ಹವಾಯಿಯ ಉಕ್ಕು ಕಲ್ಕತ್ತೆಗೆ ಬಂದ ಬಗೆ

ಹವಾಯಿಯಲ್ಲಿ ಜಾರಿಸಿ ನುಡಿಸುವ ಈ ಕಲೆ ರೂಪುಗೊಂಡದ್ದು 19ನೆಯ ಶತಮಾನದ ಕೊನೆಯಲ್ಲಿ. ಲಾಯಿ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಶಾಲಾ ಹುಡುಗನಾಗಿದ್ದಾಗಲೇ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ಕ್ರಮವನ್ನು ಬೆಳೆಸಿದನೆಂಬುದು ಹೆಚ್ಚಿನವರು ಒಪ್ಪುವ ಮಾತು. ಗೇಬ್ರಿಯಲ್ ಡೇವಿಯನ್ ಎಂಬ, ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಹವಾಯಿ ಸೇರಿದ ಯುವಕ ಅದಕ್ಕೂ ಮೊದಲೇ ಹೀಗೆ ನುಡಿಸಿದ್ದನೆಂಬ ಕಥೆಯೂ ಅಲ್ಲಿ ಉಂಟು. ಕಥೆ ನಿಜವಾಗಿದ್ದರೂ ಕೆಕುಕುವಿನ ಕೆಲಸ ಸಣ್ಣದಾಗುವುದಿಲ್ಲ. ಜಾರಿಸುವುದನ್ನು ಒಂದು ಪದ್ಧತಿಯಾಗಿ ಮಾಡಿ ಲೋಕಕ್ಕೆ ಕಲಿಸಿದವನು ಅವನು. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲಿ ಈ ನಾದಕ್ಕೆ ಹುಚ್ಚೇ ಹಿಡಿಯಿತು.

ಹವಾಯಿ ತಂಡಗಳು ಏಷ್ಯಾ ಸುತ್ತಿದವು. ಟಾವ್ ಮೋ ಮತ್ತು ಅವನ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿದರು, ಕಲಿಸಿದರು. ಬಂಗಾಳದ ಮನೆಗಳಲ್ಲಿ ರವೀಂದ್ರ ಸಂಗೀತ ಹವಾಯಿ ಗಿಟಾರಿಗೆ ಇಳಿಯಿತು, ಹಿಂದಿ ಸಿನಿಮಾ ಹಾಡುಗಳಲ್ಲಿ ಅದರ ದನಿ ಕೇಳತೊಡಗಿತು. ಮುಂದೆ ಬ್ರಿಜಭೂಷಣ ಕಾಬ್ರಾ ಅದರಲ್ಲಿ ರಾಗ ವಿಸ್ತರಿಸಿದರು. ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೊತೆಗಿನ 1967ರ ‘ಕಾಲ್ ಆಫ್ ದಿ ವ್ಯಾಲಿ’ ಮನೆಮನೆಗೆ ಹೋಯಿತು. ವಿಶ್ವಮೋಹನ ಭಟ್ಟರು ಅನುರಣಿಸುವ ತರಫ್ ತಂತಿಗಳನ್ನೂ ಶ್ರುತಿ-ಲಯಕ್ಕೆ ಮೀಟುವ ಚಿಕಾರಿಯನ್ನೂ ಸೇರಿಸಿ ಮೋಹನ ವೀಣೆ ಕಟ್ಟಿದರು. ರೈ ಕೂಡರ್ ಜೊತೆಗಿನ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪಡೆದರು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಇದೇ ಬಗೆಯ ಗಿಟಾರಿನಲ್ಲಿ ಹಿಂದೂಸ್ತಾನಿ ಸಂಗೀತ ನುಡಿಸುತ್ತಿದ್ದಾರೆ.

ಭಾರತದ ಕವಲು ಹೀಗೆ ತಂತಿ ಸೇರಿಸುತ್ತಾ, ಅನುರಣನ ಹೆಚ್ಚಿಸುತ್ತಾ ರಾಗದ ಕಡೆಗೆ ಹೊರಳಿತು. ಅಮೆರಿಕದ ಕವಲು ಯಂತ್ರದ ಕಡೆಗೆ ಹೊರಳಿತು.

ಸರಳಿನ ಇಕ್ಕಟ್ಟು

ಆ ಹೊರಳಿಕೆಗೆ ಕಾರಣ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಉಕ್ಕಿನ ಸರಳನ್ನು ತಂತಿಗಳಿಗೆ ಅಡ್ಡವಾಗಿ ನೇರಕ್ಕೆ ಇಟ್ಟು ಜಾರಿಸಿದರೆ ಎಲ್ಲ ತಂತಿಗಳೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಷಡ್ಜ, ಗಾಂಧಾರ, ಪಂಚಮಕ್ಕೆ ಶ್ರುತಿ ಮಾಡಿದ ವಾದ್ಯದಲ್ಲಿ ಸರಳು ಎಲ್ಲಿ ಹೋದರೂ ಅದೇ ಆಕಾರದ ಗುಂಪು. ಒಂದೇ ಎಳೆ ನುಡಿಸುವ ನಮ್ಮ ಸಂಗೀತಕ್ಕೆ ಇದು ತೊಡಕಲ್ಲ; ಕಾರ್ಡ್‌ಗಳ ಮೇಲೆ ನಡೆಯುವ ಸಂಗೀತಕ್ಕೆ ಇದು ಬಾಯಿ ಕಟ್ಟಿದ ಹಾಗೆ.

ವಾದಕರು ಮೊದಲು ಸರಳನ್ನು ಓರೆ ಹಿಡಿದು ನೋಡಿದರು. ಕೆಲವು ಕಾರ್ಡ್‌ಗಳು ಸಿಕ್ಕವು, ಆದರೆ ಶ್ರುತಿ ಅಲುಗಿತು. ಅನಂತರ ಬೇರೆಬೇರೆ ಶ್ರುತಿಯ ಎರಡು, ಮೂರು, ನಾಲ್ಕು ಕತ್ತುಗಳ ವಾದ್ಯಗಳು ಬಂದವು. ಇಷ್ಟರಲ್ಲಿ ವಿದ್ಯುತ್ತೂ ಬಂದಿತ್ತು. ಜಾರ್ಜ್ ಬೋಶಾಂಪ್ ರೂಪಿಸಿ 1932ರಲ್ಲಿ ಮಾರಾಟಕ್ಕೆ ಬಂದ, ಬಾಣಲೆಯ ಆಕಾರದಿಂದಾಗಿ ‘ಫ್ರೈಯಿಂಗ್ ಪ್ಯಾನ್’ ಎಂದು ಹೆಸರಾದ ವಾದ್ಯ ಮೊದಲ ವಿದ್ಯುತ್ ಗಿಟಾರ್‌ಗಳಲ್ಲೊಂದು. ಅದು ತೊಡೆಯ ಮೇಲಿನ ಸ್ಟೀಲ್ ಗಿಟಾರೇ. ಅಯಸ್ಕಾಂತ ತಂತಿಯ ಕಂಪನ ಹಿಡಿಯುವಂತಾದ ಮೇಲೆ ಪೊಳ್ಳು ಒಡಲು ಬೇಕಿಲ್ಲವಾಯಿತು. ಖಾಲಿಯಾದ ಆ ಜಾಗದಲ್ಲಿ ಯಂತ್ರ ಕೂರುವಂತಾಯಿತು.

ಗಿಬ್ಸನ್ ಕಂಪನಿ 1940ರ ಸುಮಾರಿಗೆ ‘ಎಲೆಕ್ಟ್ರಾಹಾರ್ಪ್’ ಹೊರತಂದಿತು. ಪೆಡಲ್ ಒತ್ತಿದರೆ ತಂತಿಯ ಶ್ರುತಿ ಬದಲಾಗುತ್ತಿತ್ತು. ಆದರೆ ಅದನ್ನು ಬಳಸುತ್ತಿದ್ದುದು ಒಂದು ಕಾರ್ಡ್ ಮುಗಿಸಿ ಇನ್ನೊಂದಕ್ಕೆ ಅಣಿಯಾಗಲು, ಕೇಳುಗನಿಗೆ ಗೊತ್ತಾಗದಂತೆ. ತಿರುವು ಬಂದದ್ದು 1953ರ ಕೊನೆಯಲ್ಲಿ. ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದ. ಒಂದು ತಂತಿ ನಿಂತಲ್ಲೇ ನಿಂತಿದೆ, ಪಕ್ಕದ್ದು ಅದರ ಕಣ್ಣೆದುರೇ ಮೇಲೆ ಏರುತ್ತಿದೆ. 1954ರಲ್ಲಿ ಹಾಡು ಜನಪ್ರಿಯವಾದಾಗ ಸ್ಟೀಲ್ ವಾದಕರು ತಮ್ಮ ವಾದ್ಯಕ್ಕೂ ಪೆಡಲ್ ಹಾಕಿಸಲು ಮುಗಿಬಿದ್ದರು. ಯಂತ್ರದ ಕ್ರಿಯೆಯೇ ಸಂಗೀತದ ಭಾವವಾದ ಕ್ಷಣ ಅದು.

ಐಸಾಕ್ಸ್‌ನ ಒಂದೇ ಪೆಡಲ್ ಎರಡು ಸ್ವರಗಳನ್ನು ಒಟ್ಟಿಗೆ ಏರಿಸುತ್ತಿತ್ತು. ಬಡಿ ಎಮನ್ಸ್ ಅದನ್ನು ಎರಡು ಪೆಡಲ್‌ಗಳಾಗಿ ಒಡೆದ. 1950ರ ದಶಕದಲ್ಲಿ ಶಾಟ್ ಜಾಕ್ಸನ್ ಜೊತೆ ‘ಶೋ-ಬಡ್’ ವಾದ್ಯಗಳನ್ನು ತಯಾರಿಸಿದ. 1960ರ ದಶಕದಲ್ಲಿ ತನ್ನ ಹೆಸರಿನದೇ ಕಂಪನಿ ಶುರುವಾಗಲು ಕಾರಣನಾದ. ಮೇಲುಗಡೆ ಎರಡು ತಂತಿ ಸೇರಿಸಿ ಇಂದಿನ ಹತ್ತು ತಂತಿಯ ಏರ್ಪಾಟಿಗೆ ಆಕಾರ ಕೊಟ್ಟ. 2015ರಲ್ಲಿ ತೀರಿಕೊಂಡ ಅವನ ಹೆಜ್ಜೆಗುರುತು ಇಲ್ಲದ ಪೆಡಲ್ ಸ್ಟೀಲ್ ಈಗ ಸಿಗುವುದು ಅಪರೂಪ.

ಮಗುಚಿ ನೋಡಿದರೆ

ವಾದ್ಯವನ್ನು ಬೋರಲು ಹಾಕಿದರೆ ಅದರ ಮರ್ಮ ತಿಳಿಯುತ್ತದೆ. ಪೆಡಲ್‌ನಿಂದ ಒಂದು ಕಡ್ಡಿ ನೆಟ್ಟಗೆ ಮೇಲೆ ಹೋಗಿ, ಒಡಲಿಗೆ ಅಡ್ಡವಾಗಿರುವ ದಂಡವೊಂದನ್ನು ತಿರುಗಿಸುತ್ತದೆ. ದಂಡದ ಮೇಲೆ ಸಣ್ಣ ಕೀಲುಗಳು. ಪ್ರತಿ ಕೀಲಿನಿಂದ ಒಂದು ತೆಳುವಾದ ಎಳೆಗಂಬಿ ವಾದ್ಯದ ಬಲತುದಿಗೆ ಸಾಗುತ್ತದೆ. ಅಲ್ಲಿರುವುದು ಚೇಂಜರ್, ಈ ವಾದ್ಯದ ಹೃದಯ. ಪ್ರತಿ ತಂತಿಯೂ ಅಲ್ಲಿ ಒಂದು ಅಲ್ಯೂಮಿನಿಯಂ ತುಂಡಿನ ದುಂಡನೆಯ ನೆತ್ತಿಯ ಮೇಲೆ ಬಳಸಿ ಕೂತಿದೆ. ವೀಣೆಯ ಕುದುರೆ ಅಲುಗುವುದಿಲ್ಲ. ಇಲ್ಲಿ ಪ್ರತಿ ತಂತಿಗೂ ತನ್ನದೇ ಕುದುರೆ, ಆ ಕುದುರೆ ತಿರುಗುತ್ತದೆ. ಎಳೆಗಂಬಿ ಒಂದು ಕಡೆ ಎಳೆದರೆ ತಂತಿ ಬಿಗಿಯಾಗುತ್ತದೆ, ಇನ್ನೊಂದು ಕಡೆ ಎಳೆದರೆ ಸಡಿಲಾಗುತ್ತದೆ. ಕಾಲು ತೆಗೆದೊಡನೆ ಸ್ಪ್ರಿಂಗ್ ಅದನ್ನು ಮೊದಲಿನ ಜಾಗಕ್ಕೆ ತರುತ್ತದೆ. ಎಳೆಗಂಬಿಯ ತುದಿಯಲ್ಲಿ ನೈಲಾನ್ ತಿರುಗಣೆ. ಪೆಡಲ್ ಒತ್ತಿದಾಗ ಸ್ವರ ಎಷ್ಟು ಏರಬೇಕೆಂಬುದನ್ನು ಅದನ್ನು ತಿರುಗಿಸಿ ಹೊಂದಿಸುತ್ತಾರೆ. ಅಂದರೆ ತಂತಿಗೆ ಒಂದು ಶ್ರುತಿ, ಪೆಡಲ್‌ಗೆ ಇನ್ನೊಂದು ಶ್ರುತಿ.

ಇದರಲ್ಲಿ ದುಡಿಯುವ ಬಲ ಸಣ್ಣದಲ್ಲ. ಮೂರನೆಯ ತಂತಿ ಎಲ್ಲಕ್ಕಿಂತ ಎತ್ತರದ ಸ್ವರದ್ದು, ದಪ್ಪ 0.28 ಮಿಲಿಮೀಟರ್. ಸುಮಾರು 61 ಸೆಂಟಿಮೀಟರ್ ಉದ್ದದ ವಾದ್ಯದಲ್ಲಿ ಅದರ ಮೇಲಿನ ಎಳೆತ 12 ಕಿಲೊ ದಾಟುತ್ತದೆ. ಪೆಡಲ್ ಒತ್ತಿ ಅರ್ಧ ಸ್ವರ ಏರಿಸಿದಾಗ ಇನ್ನೂ ಒಂದೂವರೆ ಕಿಲೊ ಸೇರುತ್ತದೆ. ಒಂದು ಹಾಡಿನಲ್ಲಿ ಹತ್ತಾರು ಸಲ ಹೀಗೆ ಬಿಗಿದು ಸಡಿಲಾಗುವ ಆ ತಂತಿಯೇ ಎಲ್ಲಕ್ಕಿಂತ ಬೇಗ ತುಂಡಾಗುತ್ತದೆ.

ಕುಳಿತವನ ನಾಲ್ಕೂ ಅಂಗಗಳಿಗೆ ಕೆಲಸವಿದೆ. ಬಲಗೈಯ ಹೆಬ್ಬೆರಳಿಗೂ ಎರಡು ಬೆರಳಿಗೂ ಉಗುರುಕವಚ. ಎಡಗೈಯಲ್ಲಿ 200 ಗ್ರಾಂ ದಾಟುವ ನುಣುಪಾದ ಉಕ್ಕಿನ ಸರಳು. ಎಡಗಾಲು ಪೆಡಲ್‌ಗಳ ಮೇಲೆ, ಬಲಗಾಲು ದನಿ ಏರಿಸಿ ಇಳಿಸುವ ವಾಲ್ಯೂಮ್ ಪೆಡಲ್ ಮೇಲೆ. ಎರಡೂ ಮಂಡಿಗಳು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿದು ಲಿವರ್ ತಳ್ಳುತ್ತವೆ. ಹಲಗೆಯ ಮೇಲಿನ ಮೆಟ್ಟಿಲುಗಳು ಬರಿಯ ಗೆರೆಗಳು; ತಂತಿ ಅವುಗಳನ್ನು ಮುಟ್ಟುವುದೇ ಇಲ್ಲ. ಹನ್ನೆರಡನೆಯ ಗೆರೆಯ ಬಳಿ ಸರಳು ಒಂದು ಮಿಲಿಮೀಟರ್ ತಪ್ಪಿದರೆ ಅರ್ಧ ಸ್ವರದ ನೂರರಲ್ಲಿ ಆರು ಪಾಲಿನಷ್ಟು ಶ್ರುತಿ ತಪ್ಪುತ್ತದೆ. ಚಿತ್ರವೀಣೆಯವರಿಗೆ ಈ ಕಷ್ಟ ವಿವರಿಸಬೇಕಿಲ್ಲ.

ಹತ್ತು ತಂತಿಯ ಶಂಕರಾಭರಣ

ಅತಿ ಹೆಚ್ಚು ಬಳಕೆಯಲ್ಲಿರುವ ಶ್ರುತಿಯ ಹೆಸರು ‘ಇ ನೈನ್ತ್’. ಅಲ್ಲಿಯ ಇ ಸ್ವರವನ್ನು ನಮ್ಮ ಷಡ್ಜವೆಂದು ಇಟ್ಟುಕೊಂಡು ಹತ್ತು ತಂತಿಗಳನ್ನು ವಾದಕನಿಂದ ದೂರದಲ್ಲಿರುವ ಮೊದಲನೆಯದರಿಂದ ಓದಿದರೆ ಹೀಗೆ ಬರುತ್ತದೆ: ಚತುಶ್ರುತಿ ರಿಷಭ, ಕಾಕಲಿ ನಿಷಾದ, ಅಂತರ ಗಾಂಧಾರ, ಷಡ್ಜ, ಪಂಚಮ, ಮತ್ತೆ ಗಾಂಧಾರ, ರಿಷಭ, ಷಡ್ಜ, ಕೈಶಿಕಿ ನಿಷಾದ, ಕೊನೆಗೆ ಮಂದ್ರ ಪಂಚಮ. ಮೊದಲ ಎರಡು ತಂತಿಗಳು ಸಾಲಿನ ಹೊರತುದಿಯಲ್ಲಿದ್ದರೂ ಸ್ವರದಲ್ಲಿ ಮೂರನೆಯದಕ್ಕಿಂತ ಕೆಳಗಿವೆ.

ಈ ಪಟ್ಟಿಯಲ್ಲಿ ಶಂಕರಾಭರಣದ ಐದು ಸ್ವರಗಳಿವೆ. ಕಾಣೆಯಾದವು ಶುದ್ಧ ಮಧ್ಯಮ ಮತ್ತು ಚತುಶ್ರುತಿ ಧೈವತ. ಇನ್ನು ಎ, ಬಿ, ಸಿ ಎಂದು ಕರೆಯುವ ಪೆಡಲ್‌ಗಳ ಕಡೆ ನೋಡಿ. ಎ ಪೆಡಲ್ ಪಂಚಮವನ್ನು ಚತುಶ್ರುತಿ ಧೈವತಕ್ಕೆ ಏರಿಸುತ್ತದೆ. ಬಿ ಪೆಡಲ್ ಅಂತರ ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ ಏರಿಸುತ್ತದೆ. ಸರಳನ್ನು ಒಂದಿಂಚೂ ಕದಲಿಸದೆ, ಎರಡೇ ಪೆಡಲ್‌ಗಳಿಂದ ಧೀರಶಂಕರಾಭರಣದ ಏಳೂ ಸ್ವರಗಳು ಪೂರ್ಣವಾಗುತ್ತವೆ. ನಿಷಾದದ ತಂತಿ ಬದಲಿಸಿ ಮೀಟಿದರೆ ಹರಿಕಾಂಭೋಜಿ. ನ್ಯಾಶ್‌ವಿಲ್‌ನವರಿಗೆ ಮೇಳಕರ್ತದ ಗೊಡವೆ ಇರಲಿಲ್ಲ. ಒಂದು ಷಡ್ಜದ ಸುತ್ತ ಕೈಗೆಟುಕುವಂತೆ ಸ್ವರಗಳನ್ನು ಜೋಡಿಸಬೇಕೆಂದು ಹೊರಟವರು ಇಲ್ಲಿಗೆ ಬಂದು ತಲುಪಿದ್ದಾರೆ, ಅಷ್ಟೆ.

ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಷಡ್ಜ, ಗಾಂಧಾರ, ಪಂಚಮದ ಗುಂಪು ಷಡ್ಜ, ಮಧ್ಯಮ, ಧೈವತದ ಗುಂಪಾಗುತ್ತದೆ. ಷಡ್ಜ ಅಲ್ಲೇ ನಿಂತಿದೆ. ಗಾಂಧಾರ ಅರ್ಧ ಹೆಜ್ಜೆ, ಪಂಚಮ ಒಂದು ಹೆಜ್ಜೆ ಏರಿವೆ. ‘ಸ್ಲೋಲಿ’ಯಲ್ಲಿ ಲೋಕ ಬೆರಗಾಗಿ ಕೇಳಿದ್ದು ಇದನ್ನೇ. ಸಿ ಪೆಡಲ್ ಷಡ್ಜವನ್ನು ಚತುಶ್ರುತಿ ರಿಷಭಕ್ಕೂ ಪಂಚಮವನ್ನು ಧೈವತಕ್ಕೂ ಒಟ್ಟಿಗೆ ಒಯ್ಯುತ್ತದೆ. ಮಂಡಿಯ ಒಂದು ಲಿವರ್ ಷಡ್ಜವನ್ನು ಶುದ್ಧ ರಿಷಭಕ್ಕೆ ಏರಿಸುತ್ತದೆ, ಇನ್ನೊಂದು ಕಾಕಲಿ ನಿಷಾದಕ್ಕೆ ಇಳಿಸುತ್ತದೆ. ಹೀಗಾಗಿ ಒಂದೇ ಕಾರ್ಡ್ ಹಲಗೆಯ ಮೇಲೆ ಮೂರು ಕಡೆ ಸಿಗುತ್ತದೆ. ಮೂರನೆಯ ಗೆರೆಯಲ್ಲಿ ಪೆಡಲ್ ಇಲ್ಲದೆ ಸಿಗುವ ಜಿ ಕಾರ್ಡ್, ಆರನೆಯ ಗೆರೆಯಲ್ಲಿ ಎ ಪೆಡಲ್ ಮತ್ತು ಷಡ್ಜ ಏರಿಸುವ ಲಿವರ್ ಕೂಡಿಸಿದಾಗ, ಹತ್ತನೆಯ ಗೆರೆಯಲ್ಲಿ ಎ, ಬಿ ಎರಡನ್ನೂ ಒತ್ತಿದಾಗ ಮತ್ತೆ ಸಿಗುತ್ತದೆ. ಒಳ್ಳೆಯ ವಾದಕ ಒಂದರಿಂದ ಇನ್ನೊಂದಕ್ಕೆ ಜಾರುವಾಗ ಸರಳು, ಕಾಲು, ಮಂಡಿ ಮೂರೂ ಒಂದೇ ಉಸಿರಿನಲ್ಲಿ ಚಲಿಸುತ್ತವೆ.

ಆ ದನಿ ಎಲ್ಲಿಂದ ಬರುತ್ತದೆ?

ಕೇಳಿದವರೆಲ್ಲ ಈ ವಾದ್ಯ ಅಳುತ್ತದೆ, ಹಾಡುತ್ತದೆ ಎನ್ನುತ್ತಾರೆ. ಇದಕ್ಕೆ ಕಾರಣಗಳನ್ನು ಬಿಡಿಸಿ ಹೇಳಬಹುದು.

ಮೊದಲನೆಯದು ಮೀಟಿನ ಗುರುತು ಅಳಿಸುವುದು. ತಂತಿ ಮೀಟಿದಾಗ ಮೊದಲು ಚುರುಕಾದ ಹೊಡೆತ, ಆಮೇಲೆ ಕ್ಷೀಣಿಸುವ ನಾದ. ವಾದಕ ವಾಲ್ಯೂಮ್ ಪೆಡಲನ್ನು ತಗ್ಗಿಸಿಟ್ಟು ಮೀಟುತ್ತಾನೆ; ನಾದ ಕ್ಷೀಣಿಸುತ್ತಿದ್ದಂತೆ ಅದನ್ನು ಮೆಲ್ಲಗೆ ತೆರೆಯುತ್ತಾನೆ. ಏರುವ ಪೆಡಲ್, ಇಳಿಯುವ ನಾದ ಎರಡೂ ಸರಿದೂಗಿ ಸ್ವರ ಸಮನಾಗಿ ನಿಲ್ಲುತ್ತದೆ. ತಂತಿವಾದ್ಯಕ್ಕೆ ಉಸಿರು ಬರುವುದು ಇಲ್ಲಿ.

ಎರಡನೆಯದು ಸರಳಿನ ತೂಕ. ಬೆರಳು ಮೆತ್ತಗೆ, ಅದು ಕಂಪನವನ್ನು ಹೀರುತ್ತದೆ. ಭಾರವಾದ ಉಕ್ಕು ಹೀರುವುದು ಕಡಿಮೆ. ಆದ್ದರಿಂದ ನಾದ ಉದ್ದ. ಸರಳನ್ನು ನವಿರಾಗಿ ಹಿಂದೆ ಮುಂದೆ ಉರುಳಿಸಿದರೆ ಕಂಪಿತ ಹುಟ್ಟುತ್ತದೆ.

ಮೂರನೆಯದು ಮೌನದ ಕಲೆ. ಹತ್ತು ತಂತಿ ನುಡಿಯುತ್ತಲೇ ಇದ್ದರೆ ಗದ್ದಲ. ಬಲ ಅಂಗೈಯ ಅಂಚು ಪ್ರತಿ ಸ್ವರದ ನಂತರ ಬೇಡದ ತಂತಿಗಳನ್ನು ಮುಟ್ಟಿ ಸುಮ್ಮನಾಗಿಸುತ್ತದೆ. ಕಲಿಯುವವರು ಹೆಚ್ಚು ಕಾಲ ಸವೆಸುವುದು ಈ ಕೆಲಸಕ್ಕೆ. ಕೇಳುಗನಿಗೆ ಅದು ಕಾಣುವುದೂ ಇಲ್ಲ.

ನಾಲ್ಕನೆಯದು ನಮಗೆ ತೀರ ಹತ್ತಿರದ್ದು: ಗಾಂಧಾರದ ಜಾಗ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿ ಮೀಟಿದರೆ ಅದರೊಳಗಿಂದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ. ಅದು ಷಡ್ಜದಿಂದ 386 ಸೆಂಟ್ ದೂರದಲ್ಲಿದೆ; ಅರ್ಧ ಸ್ವರದ ನೂರನೆಯ ಒಂದು ಪಾಲು ಒಂದು ಸೆಂಟ್. ಹಾರ್ಮೋನಿಯಂ, ಪಿಯಾನೋಗಳ ಸಮಪಾಲಿನ ಶ್ರುತಿಯಲ್ಲಿ ಅದೇ ಸ್ವರ 400 ಸೆಂಟ್‌ಗೆ ಕೂರುತ್ತದೆ, 14 ಸೆಂಟ್ ಮೇಲೆ. ಪೆಡಲ್ ಸ್ಟೀಲ್ ವಾದಕರಲ್ಲಿ ಬಹುಮಂದಿ ಗಾಂಧಾರದ ತಂತಿಯನ್ನು ಯಂತ್ರ ತೋರಿಸುವ ಜಾಗಕ್ಕಿಂತ ಕೆಳಗೆ, ಕಿವಿ ಒಪ್ಪುವ ಕಡೆ ನಿಲ್ಲಿಸುತ್ತಾರೆ. ಉದ್ದ ನಾದದ ಮೂರು ತಂತಿ ಒಟ್ಟಿಗೆ ನುಡಿಯುವಾಗ 14 ಸೆಂಟ್ ತಪ್ಪಿದರೆ ನಾದದಲ್ಲಿ ಅಲೆ ಏಳುತ್ತದೆ. ಸರಿಯಾದರೆ ಅಲೆ ಅಡಗಿ ಮೂರೂ ಒಂದಾಗಿ ಕೂಡುತ್ತವೆ. ಪೆಡಲ್‌ಗಳನ್ನು ಒತ್ತಿದಾಗ ಒಡಲು ಕೂದಲೆಳೆಯಷ್ಟು ಬಾಗಿ ಉಳಿದ ತಂತಿಗಳು ತುಸು ಇಳಿಯುತ್ತವೆ. ಅದಕ್ಕೂ ಲೆಕ್ಕ ಇಟ್ಟು ಶ್ರುತಿ ಮಾಡುತ್ತಾರೆ. ಪಶ್ಚಿಮದ ಸಂಗೀತದಲ್ಲಿ ತಂಬೂರಿಯ ಗಾಂಧಾರವನ್ನು ಇಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡ ಯಂತ್ರವಾದ್ಯ ಇನ್ನೊಂದಿಲ್ಲವೆಂದೇ ನನಗೆ ತೋರುತ್ತದೆ.

ಹಳ್ಳಿಹಾಡಿನ ಆಚೆ

ಈ ವಾದ್ಯ ಒಂದೇ ಬಗೆಯ ಸಂಗೀತಕ್ಕೆ ಸಲ್ಲುವುದೆಂಬ ಮಾತು ಎಂದೋ ಸುಳ್ಳಾಗಿದೆ. ಅಮೆರಿಕದ ಕಪ್ಪುಜನರ ‘ಹೌಸ್ ಆಫ್ ಗಾಡ್’ ಚರ್ಚುಗಳಲ್ಲಿ 1930ರ ದಶಕದಿಂದಲೇ ಸ್ಟೀಲ್ ಗಿಟಾರ್ ಪ್ರಾರ್ಥನೆಯನ್ನು ಮುನ್ನಡೆಸುತ್ತಿತ್ತು. ಆ ಪರಂಪರೆಯ ರಾಬರ್ಟ್ ರ್‍ಯಾಂಡಾಲ್ಫ್ ಪೆಡಲ್ ಸ್ಟೀಲನ್ನು ದೊಡ್ಡ ವೇದಿಕೆಗಳಿಗೆ ಒಯ್ದ. ನೈಜೀರಿಯದ ಕಿಂಗ್ ಸನ್ನಿ ಅಡೆ ತಂಡದಲ್ಲಿ ಡೆಮೊಲಾ ಅಡೆಪೊಜು ಅದನ್ನು ಡೋಲುಗಳ ನಡುವೆ ಹರಿಸಿದ. 1982ರ ‘ಜುಜು ಮ್ಯೂಸಿಕ್’ ಕೇಳಿದರೆ ಅದು ಆಫ್ರಿಕದ ನೆಲದಲ್ಲೇ ಮೊಳೆತಂತಿದೆ. ಬ್ರಯನ್ ಈನೊ 1983ರಲ್ಲಿ ತಂದ ‘ಅಪೊಲೊ’ದಲ್ಲಿ ಡೇನಿಯಲ್ ಲನ್ವಾ ಅದನ್ನು ಚಂದ್ರಯಾನದ ವಿಸ್ತಾರಕ್ಕೆ ಹೊಂದಿಸಿದ.

ರಾಗಕ್ಕೆ ಒಗ್ಗೀತೆ?

ಆಕ್ಷೇಪಗಳು ಗಟ್ಟಿಯಾಗಿವೆ. ಪೆಡಲ್‌ಗೆ ನಿಶ್ಚಿತ ತುದಿಯಿದೆ; ಗಮಕಕ್ಕೆ ಇಲ್ಲ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ. ಅದರ ತೂಗಾಟದ ಅಳತೆ ಪ್ರತಿ ಸಂಗತಿಗೂ ಬದಲಾಗುತ್ತದೆ. ವೀಣೆಯ ಬೆರಳಿಗಿರುವ ಆ ಸೂಕ್ಷ್ಮ ಪಾದಕ್ಕೆ ಬರುವುದು ಕಷ್ಟ. ಪೆಡಲನ್ನು ಅರ್ಧಕ್ಕೆ ಒತ್ತಿ ಹಿಡಿಯುವ ವಾದಕರಿದ್ದಾರೆ, ಆದರೆ ಸ್ಪ್ರಿಂಗ್‌ನ ಎದುರು ಹಾಗೆ ತೂಗುವುದು ದುಸ್ತರ. ಎರಡನೆಯದು ಇನ್ನೂ ಮೂಲದ್ದು: ಪೆಡಲ್ ಹುಟ್ಟಿದ್ದೇ ಕಾರ್ಡ್ ಬದಲಿಸಲು, ಕಾರ್ಡ್ ಇಲ್ಲದ ಸಂಗೀತಕ್ಕೆ ಅದೇಕೆ? ಭಾರ, ಬೆಲೆ, ರಿಪೇರಿಯ ತೊಂದರೆಯೂ ಇದೆ. ಎರಡು ಕತ್ತಿನ ವಾದ್ಯ ಪೆಟ್ಟಿಗೆ ಸಹಿತ 30 ಕಿಲೊ ಮುಟ್ಟುತ್ತದೆ.

ಮೊದಲ ಆಕ್ಷೇಪಕ್ಕೆ ಉತ್ತರ ವಾದ್ಯದಲ್ಲೇ ಇದೆ. ಗಮಕ ಪಾದದ ಕೆಲಸ ಆಗಬೇಕಿಲ್ಲ; ಸರಳು ಹಿಡಿದ ಎಡಗೈ ಚಿತ್ರವೀಣೆಯವರು ಮಾಡುವುದನ್ನೆಲ್ಲ ಇಲ್ಲಿಯೂ ಮಾಡಬಹುದು. ಎರಡನೆಯದಕ್ಕೆ ಉತ್ತರ ಷಡ್ಜದಲ್ಲಿದೆ. ಸರಳು ಜಾರಿದರೆ ಅದರಡಿಯ ತಂತಿಗಳೆಲ್ಲ ಜಾರುತ್ತವೆ. ಪೆಡಲ್ ಒತ್ತಿದರೆ ಒಂದೇ ಸ್ವರ ಚಲಿಸಿ, ಪಕ್ಕದ ಷಡ್ಜ ಆಧಾರವಾಗಿ ನಿಂತೇ ಇರುತ್ತದೆ. ಆಧಾರ ಷಡ್ಜದ ಎದುರು ಪಂಚಮ ಧೈವತಕ್ಕೆ ಏರುವುದನ್ನು ಕೇಳಿಸುವುದು ನಮ್ಮ ಸಂಗೀತದ ಮೂಲಭಾವಕ್ಕೆ ಹೊರಗಿನದೇನೂ ಆಗದು.

ಜೋಡಣೆಯನ್ನೂ ಬದಲಿಸಬಹುದು. ಯಾವ ಪೆಡಲ್ ಯಾವ ತಂತಿಯನ್ನು ಎಷ್ಟು ಎಳೆಯಬೇಕೆಂಬುದು ವಾದಕನ ಇಷ್ಟ. ಎಳೆಗಂಬಿಯನ್ನು ಬೇರೆ ತೂತಿಗೆ ಸಿಕ್ಕಿಸಿ, ನೈಲಾನ್ ತಿರುಗಣೆ ಹೊಂದಿಸಿದರೆ ಸಾಕು. ಪುರಂದರದಾಸರು ಮೊದಲ ಪಾಠಕ್ಕೆ ಗೊತ್ತುಮಾಡಿದರೆಂದು ನಾವು ಹೇಳುವ ಮಾಯಾಮಾಳವಗೌಳವನ್ನೇ ತೆಗೆದುಕೊಳ್ಳಿ. ಶುದ್ಧ ರಿಷಭ ಮಂಡಿಯ ಲಿವರ್‌ನಲ್ಲಿ ಆಗಲೇ ಇದೆ. ಮಧ್ಯಮ ಬಿ ಪೆಡಲ್‌ನಲ್ಲಿ, ಕಾಕಲಿ ನಿಷಾದ ಎರಡನೆಯ ತಂತಿಯಲ್ಲಿ ಇವೆ. ಎ ಪೆಡಲ್‌ನ ಎಳೆತವನ್ನು ಇಡೀ ಸ್ವರದಿಂದ ಅರ್ಧಕ್ಕೆ ಇಳಿಸಿದರೆ ಪಂಚಮ ಶುದ್ಧ ಧೈವತಕ್ಕೆ ಹೋಗುತ್ತದೆ. ಒಂದೇ ಒಂದು ಬದಲಾವಣೆಯಿಂದ ಸರಳೆವರಸೆಯ ಏಳೂ ಸ್ವರಗಳು ಸಿದ್ಧ.

ಹೊರಗಿನ ವಾದ್ಯ ನಮ್ಮದಾಗುವುದಕ್ಕೆ ಚರಿತ್ರೆಯಲ್ಲಿ ಒಂದು ನಿಯಮವೇ ಕಾಣುತ್ತದೆ. ಸ್ವರ ಜಾರಿಸಲು ಬಂದರೆ ಬಾಗಿಲು ತೆರೆಯುತ್ತದೆ. ಮೆಟ್ಟಿಲಿಲ್ಲದ ಪಿಟೀಲು ದಕ್ಷಿಣದಲ್ಲಿ ಬೇಗ ನೆಲೆಯಾಯಿತು. ಸ್ವರ ಜಾರದ ಹಾರ್ಮೋನಿಯಂ 1940ರಿಂದ 1971ರವರೆಗೆ ಆಕಾಶವಾಣಿಯ ಹೊರಗಿತ್ತು. ಶ್ರೀನಿವಾಸ್ ಜೋಡಿತಂತಿಯ ಮ್ಯಾಂಡೊಲಿನ್ ಬಿಟ್ಟು ಐದು ಒಂಟಿತಂತಿಗಳ ವಿದ್ಯುತ್ ವಾದ್ಯ ಹಿಡಿದದ್ದು ನಾದ ನಿಂತು ಗಮಕಕ್ಕೆ ಎಡೆ ಸಿಗಲೆಂದು. ಮಂಗಳೂರಿನ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್ ಅನ್ನು ಮಾರ್ಪಡಿಸಿಕೊಂಡು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಈ ಅಳತೆಗೋಲಿನಲ್ಲಿ ಪೆಡಲ್ ಸ್ಟೀಲ್ ಮುಂದಿನ ಸಾಲಿನಲ್ಲೇ ನಿಲ್ಲುತ್ತದೆ: ಉದ್ದದಿಂದಲೂ ಜಾರುತ್ತದೆ, ಎಳೆತದಿಂದಲೂ ಏರುತ್ತದೆ, ನಾದವೂ ನಿಲ್ಲುತ್ತದೆ.

ಕೊರತೆ ಇರುವುದು ಅದನ್ನು ತಮ್ಮದಾಗಿಸಿಕೊಳ್ಳುವ ಕೈಗಳದ್ದು. ಕಾಬ್ರಾ, ಭಟ್, ಸೊಂಟಕ್ಕೆ ಅವರಂಥವರು ಹವಾಯಿ ಗಿಟಾರಿಗೆ ಮಾಡಿದ್ದನ್ನು ಪೆಡಲ್ ಸ್ಟೀಲಿಗೆ ಮಾಡಬಲ್ಲವರು ಚಿತ್ರವೀಣೆಯ ಉರುಳೆ ಬಲ್ಲವರು ಮತ್ತು ವೀಣೆಯ ಎಳೆತ ಬಲ್ಲವರು. ಗೊಲ್ಲಪಲ್ಲಿ, ನೂಜಿವೀಡು, ಮೈಸೂರಿನ ವಾದ್ಯ ತಯಾರಕರಲ್ಲಿ ಮರದ ವಿದ್ಯೆ ಇದೆ. ವಿಶಾಖಪಟ್ಟಣ, ಬೆಂಗಳೂರುಗಳ ಕಾರ್ಖಾನೆಗಳಲ್ಲಿ ಸೂಕ್ಷ್ಮ ಲೋಹಕೆಲಸದ ವಿದ್ಯೆ ಇದೆ. ಎರಡನ್ನೂ ಒಂದೇ ಮೇಜಿನ ಮುಂದೆ ತರುವ ಕೆಲಸವನ್ನು ನಮ್ಮ ಸಂಗೀತ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು: ಒಂದು ಪೆಡಲ್ ಸ್ಟೀಲ್ ತರಿಸಿ, ಅದರ ಪಕ್ಕದಲ್ಲಿ ಚಿತ್ರವೀಣೆ, ವೀಣೆಗಳನ್ನಿಟ್ಟು, ಮೂರರಲ್ಲೂ ಒಂದೇ ರಾಗ ನುಡಿಸಿ ಹೋಲಿಸಬೇಕು. ಪೆಡಲ್ ಯಾವ ಸ್ವರಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದು ಅಂಥ ಹೋಲಿಕೆಯಲ್ಲೇ ತೀರ್ಮಾನವಾಗಬೇಕು. ಹೋಲಿಕೆಯ ಕೊನೆಗೆ ವಾದ್ಯ ಬೇಡವೆನಿಸಿದರೂ ನಷ್ಟವಿಲ್ಲ. ವೀಣೆಯ ಬೆರಳು ಏನು ಮಾಡುತ್ತಿದೆ, ಉರುಳೆ ಏನು ಮಾಡುತ್ತಿದೆ ಎಂಬುದು ಅಷ್ಟರಲ್ಲಿ ನಮಗೆ ಇನ್ನಷ್ಟು ನಿಚ್ಚಳವಾಗಿರುತ್ತದೆ.